ಮುಂದಿನ ಕುರಿ

ಕಾಗದ ಹಳದಿಯಾಗಿಯೇ ಉಳಿದಿತ್ತು.

ಸಿದ್ರಾಯ ಬಾಟಲಿಯನ್ನು ಪ್ರಯೋಗಾಲಯದ ಕಿಟಕಿಯ ಬೆಳಕಿಗೆ ಹಿಡಿದ. ತಳದಲ್ಲಿ ಕತ್ತರಿಸಿ ಹಾಕಿದ ಜೋಳದ ಎಲೆ, ಅದರ ಮೇಲೆ ಬಿರಡೆಯಿಂದ ಇಳಿಬಿಟ್ಟ ಕಾಗದದ ಪಟ್ಟಿ. ಎಲೆಯಲ್ಲಿ ವಿಷವಿದ್ದರೆ ಅದು ಆವಿಯಾಗಿ ಮೇಲೇರಿ ಹಳದಿ ಕಾಗದವನ್ನು ಇಟ್ಟಂಗಿಯ ಬಣ್ಣಕ್ಕೆ ತಿರುಗಿಸಬೇಕು. ಅರ್ಧ ತಾಸಾಗಿತ್ತು. ತಿರುಗಿರಲಿಲ್ಲ.

"ಏನಿಲ್ಲ ಬಿಡಣ್ಣಾ," ಎಂದ. "ಮೇಯಾಕ ಬಿಡು."

ಮಾಲಿಂಗಪ್ಪ ಬಾಗಿಲ ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಒಳಗಿನ ನೆಲ ಹೊಳೆಯುವುದನ್ನು ದೂರದಿಂದಲೇ ನೋಡಿ ಗೇಟಿನ ಹತ್ತಿರ ಬಿಟ್ಟು ಬಂದಿದ್ದ.

"ಖರೇನ ಏನಿಲ್ಲ?"

"ಹಳದೀನ ಐತಿ. ನೋಡು ಬೇಕಾರ."

ಅಣ್ಣ ಕಾಗದ ನೋಡಲಿಲ್ಲ. ತಮ್ಮನ ಮುಖ ನೋಡಿದ. "ನೀ ಹೇಳಿದ್ರ ಮುಗೀತು," ಎಂದು ಕಂಬಳಿಯನ್ನು ಹೆಗಲಿಗೇರಿಸಿ ಎದ್ದ.

ಆ ಮಾತು ಸಿದ್ರಾಯನಿಗೆ ಹಿಡಿಸಲಿಲ್ಲ. ತನ್ನನ್ನು ಯಾರಾದರೂ ನಂಬಿದರೆ ಅವನಿಗೆ ಮೊದಲಿನಿಂದಲೂ ಕಿರಿಕಿರಿ. ನಂಬದವರ ಜೊತೆ ಅವನು ಚೆನ್ನಾಗಿಯೇ ವಾದ ಮಾಡಬಲ್ಲ. ಡಾಕ್ಟರೇಟು ಬಂದದ್ದೂ ಹಾಗೆಯೇ.

ಗೇಟಿನ ತನಕ ಜೊತೆಗೆ ಹೋದ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡೂಮುಕ್ಕಾಲರ ತನಕ ಒಡಹುಟ್ಟಿದವನನ್ನು ಬೆಂಚಿನ ಮೇಲೆ ಕೂರಿಸಿದ ಮೇಲೆ ಗೇಟಿನ ತನಕವಾದರೂ ನಡೆಯಲೇಬೇಕಾಗುತ್ತದೆ.

"ಸಂಜೀಕ ಇಳಸ್ತೇವಿ," ಎಂದ ಮಾಲಿಂಗಪ್ಪ. "ಮಸಗುಪ್ಪ್ಯಾಗ, ವರ್ಧಮಾನ ಸಾವಕಾರ್ರ ಹೊಲಕ್ಕ. ನೂರಾ ಅರವತ್ತು ಅದಾವು. ಮೇಲವಂಕಿಯಿಂದ ನಡಕೋತ ಬಂದಾವು, ಹೊಟ್ಟಿಗೇನಿಲ್ಲ."

"ಹೂಂ."

"ಮನ್ಯಾಗ ವಿದ್ಯಾ ಆರಾಮ?"

"ಆರಾಮ."

ಮನೆಗೆ ಹೋಗಿ ಉಂಡು ಹೋಗು ಎನ್ನಬೇಕಿತ್ತು. ಮಾತು ಗಂಟಲಿನ ತನಕ ಬಂದಿತ್ತು ಕೂಡ. ಅಷ್ಟರಲ್ಲಿ ಮಾಲಿಂಗಪ್ಪ ಚಪ್ಪಲಿ ಮೆಟ್ಟಿ, ರಸ್ತೆಯ ಎರಡೂ ಕಡೆ ನೋಡಿ, ಗೋಕಾಕ ಬಸ್‌ಸ್ಟ್ಯಾಂಡಿನ ದಿಕ್ಕಿಗೆ ನಡೆದಾಗಿತ್ತು.

ಒಳಗೆ ಶುಭಾಂಗಿ ರಿಜಿಸ್ಟರು ತೆರೆದುಕೊಂಡು ಕೂತಿದ್ದಳು. ಹುಕ್ಕೇರಿಯಿಂದ ದಿನಾ ಬಸ್ಸಿಗೆ ಬರುವ ಸಹಾಯಕಿ. ಪ್ರಯೋಗಾಲಯಕ್ಕೆ ಸೇರಿ ಎಂಟು ತಿಂಗಳು. ಜೈನರ ಮನೆಯವಳು. ಮೊದಲ ದಿನವೇ, ಇಲಿಗಳ ಕೋಣೆಗೆ ತಾನು ಹೋಗುವುದಿಲ್ಲವೆಂದು ತಲೆ ತಗ್ಗಿಸಿ, ಆದರೆ ಸ್ಪಷ್ಟವಾಗಿ ಹೇಳಿದ್ದಳು. ಅಂದಿನಿಂದ ಇಲಿಗಳಿಗೆ ಸೂಜಿ ಚುಚ್ಚುವುದು, ಎಷ್ಟನೇ ನಿಮಿಷಕ್ಕೆ ಕಾಲು ಸೆಟೆದವೆಂದು ಬರೆದುಕೊಳ್ಳುವುದು ಸಿದ್ರಾಯನ ಕೆಲಸ. ಅವನಿಗೆ ಅದು ಕಷ್ಟವಾಗುವುದಿಲ್ಲ. ಕಷ್ಟವಾಗುವುದಿಲ್ಲವಲ್ಲ ಎಂದು ಒಮ್ಮೊಮ್ಮೆ ಹೆದರಿಕೆಯಾಗುತ್ತದೆ, ಅಷ್ಟೇ.

"ಸರ್, ಸ್ಯಾಂಪಲ್ ಎಷ್ಟೊತ್ತಿಗೆ ಬಂತಂತ ಬರೀಲ್ರಿ?"

"ಎರಡೂಕಾಲು."

ಪೆನ್ನು ನಿಂತಿತು. "ಹನ್ನೊಂದಕ್ಕ ಬಂದಿತ್ತಲ್ರಿ. ಹಸಿ ಅರಿವ್ಯಾಗ ಸುತ್ತಿತ್ತು. ನಾನ ನೋಡಿದ್ನಿ."

"ಟೆಸ್ಟ್ ಸುರು ಮಾಡಿದ್ದು ಎರಡೂಕಾಲಕ್ಕ. ಅದನ್ನ ಬರಿ."

"ಅಷ್ಟೊತ್ತಿಗೆ ಎಲಿ ಒಣಗಿದ್ದಿಲ್ಲೇನ್ರಿ?"

"ಬರಿ ಶುಭಾಂಗಿ."

ಅವಳು ಬರೆದಳು. ಬರೆದು, ಪುಟದ ಮೇಲೆ ಒತ್ತುಕಾಗದ ಇಟ್ಟು, ಯಾವತ್ತೂ ಇಲ್ಲದಷ್ಟು ಜೋರಾಗಿ ಒತ್ತಿದಳು.

ಎಲೆ ಒಣಗಿತ್ತು. ಅದು ಸಿದ್ರಾಯನಿಗೆ ಗೊತ್ತಾದದ್ದು ಈಗಲ್ಲ, ಕತ್ತರಿ ಹಿಡಿದಾಗಲೇ. ಹಸಿ ಎಲೆ ಕತ್ತರಿಸಿದರೆ ಸದ್ದು ಬರುವುದಿಲ್ಲ. ಇದು ಸಣ್ಣಗೆ ಚರಚರ ಎಂದಿತ್ತು. ಕೊಯ್ದ ಜೋಳದ ಕೂಳೆ ಅಕಾಲದ ಮಳೆಗೆ ಚಿಗುರಿ, ಮೇಲೆ ಬಿಸಿಲು ಬಿದ್ದರೆ ಆ ಚಿಗುರಿನಲ್ಲಿ ಸೈನೈಡ್ ಕಟ್ಟಿಕೊಳ್ಳುತ್ತದೆ. ಕುರಿ ತಿಂದರೆ ಕಾಲು ತಾಸು ಸಾಕು. ಆದರೆ ಅದು ಗಾಳಿಗೆ ಹಾರಿಹೋಗುವ ವಿಷ. ಕಿತ್ತ ಎಲೆ ಬಿಸಿಲಿನಲ್ಲಿ ಬಾಡಿದರೆ ತಾಸಿಗೆಷ್ಟು ಹಾರುತ್ತದೆ ಎಂಬುದರ ಮೇಲೆ ಅವನದೇ ಒಂದು ಪ್ರಬಂಧವಿದೆ. ಸ್ಯಾಂಪಲ್ ಬಂದ ಕೂಡಲೇ ಪರೀಕ್ಷಿಸಿ ಎಂಬ ಸಲಹೆ ಅದರ ಕೊನೆಯ ಪುಟದಲ್ಲಿದೆ.

ಬೆಳಿಗ್ಗೆ ಆದದ್ದು ಇಷ್ಟು. ಮಾಲಿಂಗಪ್ಪ ಬಂದಾಗಲೇ ಹೊರಗಿನಿಂದ ತಪಾಸಣೆಗೆ ಬಂದ ಐದು ಜನ ಕಾರಿನಿಂದ ಇಳಿಯುತ್ತಿದ್ದರು. ಕಂಬಳಿಯ ವಾಸನೆ ಕಾರಿಡಾರಿನಲ್ಲಿ ಹರಡಿತ್ತು. ಆ ವಾಸನೆಯಲ್ಲೇ ಹುಟ್ಟಿ ಬೆಳೆದ ಸಿದ್ರಾಯನಿಗೆ ಅದು ಆ ಹೊತ್ತಿಗೆ ಐದು ಜನ ಅಪರಿಚಿತರ ಮೂಗಿಗೆ ಬಡಿದ ಹಾಗೆ ಬಡಿಯಿತು. ಅಣ್ಣನ ಕೈಯಿಂದ ಗಂಟು ಇಸಿದುಕೊಂಡು ಕಿಟಕಿಯ ಕಟ್ಟೆಯ ಮೇಲೆ ಇಟ್ಟ. ಹಸಿ ಅರಿವೆ ಬಿಚ್ಚಿ ನೋಡಿದ. ಹಾಗೇ ಬಿಟ್ಟ.

"ಯಾರವರು?" ಎಂದು ತಂಡದ ಹಿರಿಯರು ಕೇಳಿದರು.

"ರೈತರು ಸರ್. ಸ್ಯಾಂಪಲ್ ತಂದಿದ್ದಾರೆ."

ಸುಳ್ಳೇನಲ್ಲ.

ಆಮೇಲೆ ಪರದೆ ಇಳಿಸಿ, ಅವನು ಇಂಥ ಸಭೆಗಳಲ್ಲಿ ಯಾವಾಗಲೂ ಹೇಳುವ ಕಥೆ ಹೇಳಿದ. ಹಳ್ಳಿಯಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಕುರಿ ಕಾಯುತ್ತಿದ್ದ. ಪುಸ್ತಕದಲ್ಲಿ ಮೈಮರೆತ. ಕುರಿಗಳು ಕೂಳೆ ಜೋಳದ ಹೊಲಕ್ಕೆ ನುಗ್ಗಿದವು. ಏಳು ಕುರಿ ಸತ್ತವು. ಇಲ್ಲಿ ಸ್ವಲ್ಪ ನಿಲ್ಲಿಸಿ, ಆ ಹುಡುಗ ನಾನೇ ಎನ್ನಬೇಕು. ಎಂದ. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಗೋಡೆಯ ಆಚೆ ಬೆಂಚಿನ ಮೇಲೆ ಮಾಲಿಂಗಪ್ಪ ಎಲೆ ಅಡಿಕೆ ಜಗಿಯುತ್ತ, ಉಗುಳುವುದೆಲ್ಲಿ ಎಂದು ತಿಳಿಯದೆ ನುಂಗುತ್ತಿದ್ದ.

ಪರದೆಯ ಕಥೆಯಲ್ಲಿ ಒಂದು ಸಂಗತಿ ಬರುವುದಿಲ್ಲ. ಏಳು ಕುರಿ ಸತ್ತ ದಿನ ಅಪ್ಪ ಬಯ್ಯಲಿಲ್ಲ. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಹೇಳಿದ: "ಕುರಿ ಕಾಯೂದು ಇವನ ಕೈಲೆ ಆಗೂದಿಲ್ಲ. ಇಂವ ಸಾಲಿಗೆ ಹೋಗ್ಲಿ. ಮಾಲಿಂಗ ಸಾಲಿ ಬಿಟ್ಟು ಕುರಿ ಹಿಂದ ಹೋಗ್ಲಿ." ಮಾಲಿಂಗಪ್ಪ ಆಗ ಹತ್ತನೆಯ ಇಯತ್ತೆ, ಗಣಿತದಲ್ಲಿ ಊರಿಗೇ ಮುಂದು. ಅವನೂ ಏನೂ ಅನ್ನಲಿಲ್ಲ. ತನ್ನ ಪಾಟಿಚೀಲ ಖಾಲಿ ಮಾಡಿ ತಮ್ಮನ ಕೈಗೆ ಕೊಟ್ಟ. ಆ ಮನೆಯವರು ಏನೂ ಅನ್ನದೆಯೇ ಮನುಷ್ಯನನ್ನು ಮುಗಿಸುತ್ತಾರೆ ಎಂದು ಸಿದ್ರಾಯನಿಗೆ ಆಗಲೇ ಗೊತ್ತಾಗಿತ್ತು.

ಅದಾಗಿ ಇಪ್ಪತ್ತಾರು ವರ್ಷ. ಅಣ್ಣ ಈ ಪ್ರಯೋಗಾಲಯಕ್ಕೆ ಬಂದದ್ದು ಇವತ್ತೇ ಮೊದಲು. ಬರುವ ಅಗತ್ಯವೂ ಇರಲಿಲ್ಲ. ಅನುಮಾನದ ಹೊಲವಿದ್ದರೆ ಅವರ ಮನೆಯಲ್ಲಿ ಹಿಂಡನ್ನು ಒಡ್ಡಿನ ಮೇಲೆ ತಡೆದು ಒಂದು ಮುದಿ ಕುರಿಯನ್ನು ಮೊದಲು ಇಳಿಸುತ್ತಾರೆ. ಅದಕ್ಕೆ ಮುಂದಿನ ಕುರಿ ಎನ್ನುವುದು. ಅದು ಮೇಯುವುದನ್ನು ನೋಡುತ್ತ ಎರಡು ಸಲ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕೂರುತ್ತಾರೆ. ನಿಂತೇ ಇದ್ದರೆ ಉಳಿದವು ಇಳಿಯುತ್ತವೆ. ಬಿದ್ದರೆ ಒಂದು ಹೋಯಿತು.

ಈ ಸಲ ಹೊಲದ ಯಜಮಾನ ವರ್ಧಮಾನ ಒಪ್ಪಿರಲಿಲ್ಲ. ಗೊಬ್ಬರಕ್ಕೆಂದು ಕುರಿಹಿಂಡನ್ನು ಹೊಲದಲ್ಲಿ ತಂಗಿಸಲು ಕರೆದವನು ಅವನೇ. ಆದರೆ ಸಾಯುತ್ತದೋ ಇಲ್ಲವೋ ನೋಡೋಣವೆಂದು ಒಂದು ಜೀವವನ್ನು ಗೊತ್ತಿದ್ದೂ ಮುಂದೆ ಬಿಡುವುದು ತನ್ನ ಹೊಲದಲ್ಲಿ ಆಗಕೂಡದು ಎಂದಿದ್ದ. ನಿನ್ನ ತಮ್ಮ ಅದನ್ನೇ ಓದಿದವನಲ್ಲವೇ, ಕೇಳಿಕೊಂಡು ಬಾ ಎಂದೂ ಹೇಳಿದ್ದ. ಹಾಗಾಗಿ ಮಾಲಿಂಗಪ್ಪ ನಸುಕಿನಲ್ಲಿ ಎಲೆ ಕಿತ್ತು, ತಮ್ಮ ಯಾವಾಗಲೋ ಹೇಳಿದ್ದನ್ನು ನೆನಪಿಟ್ಟು, ಹಸಿ ಅರಿವೆಯಲ್ಲಿ ಸುತ್ತಿ ಬಸ್ಸು ಹತ್ತಿದ್ದ. ಒಂದು ಜೀವ ಉಳಿಸುವ ಪುಣ್ಯಕ್ಕಾಗಿ ಈಗ ನೂರಾ ಅರವತ್ತೂ ಒಟ್ಟಿಗೆ ಇಳಿಯಲಿದ್ದವು.

ನಾಲ್ಕು ಗಂಟೆಗೆ ಸಿದ್ರಾಯ ಫೋನು ತೆಗೆದ.

ಅಣ್ಣನಿಗೆ ಹೇಳಬೇಕಾದ್ದು ಒಂದೇ ಸಾಲು. ಎಲೆ ಒಣಗಿತ್ತು, ಕಾಗದ ನಂಬಬೇಡ. ಮನಸ್ಸಿನಲ್ಲಿ ಎರಡು ಸಲ ಹೇಳಿ ನೋಡಿದ. ಎರಡೂ ಸಲ ಅದರ ಹಿಂದೆಯೇ ಅಣ್ಣನ ಪ್ರಶ್ನೆ ಬಂತು: ಯಾಕ ಒಣಗಿತ್ತು?

"ಅಣ್ಣಾ, ಎಲ್ಲಿದ್ದಿ?"

"ಬಸ್ಸಿನ್ಯಾಗ. ಅರಭಾವಿ ದಾಟೇನಿ. ಯಾಕ?"

"ಕುರಿ ಇಳಸಬ್ಯಾಡ. ನಾ ಬರ್ತೇನಿ."

"ನೀನ?"

"ಸುಮ್ಮ. ಹೊಲಾ ನೋಡಿಧಂಗ ಆಕ್ಕೈತಿ."

ಆ ಕಡೆ ಬಸ್ಸಿನ ಗದ್ದಲ. ಅದರ ನಡುವೆ ಮಾಲಿಂಗಪ್ಪ, "ಬಾರಪಾ," ಎಂದ. ಅವನ ದನಿಯಲ್ಲಿ ಸಂತೋಷವಿತ್ತು. ಸಿದ್ರಾಯನಿಗೆ ನಾಚಿಕೆಯಾಯಿತು.

ಹೋಗಿ ಗುಟ್ಟಾಗಿ ಹಸಿ ಎಲೆ ಕಿತ್ತು ಅಲ್ಲೇ ಪರೀಕ್ಷಿಸುವುದು. ಕಾಗದ ಹಳದಿಯೇ ಉಳಿದರೆ ಸುಮ್ಮನಿರುವುದು. ಕೆಂಪಾದರೆ ಏನಾದರೊಂದು ನೆಪ. ಯಾರಿಗೂ ಏನೂ ತಿಳಿಯದ ಹಾಗೆ ತಪ್ಪನ್ನು ಸರಿಮಾಡಿಬಿಡಬಹುದು ಎಂಬ ಈ ಯೋಜನೆ ಅವನಿಗೆ ಎಷ್ಟು ಇಷ್ಟವಾಯಿತೆಂದರೆ, ಅಣ್ಣನಿಗಾಗಿಯೇ ಹೊರಟಿದ್ದೇನೆ ಎಂದು ಸ್ವಲ್ಪ ಹೊತ್ತು ನಂಬಿಯೂ ಬಿಟ್ಟ. ಚೀಲದಲ್ಲಿ ಬಾಟಲಿ, ಕಾಗದ, ಕ್ಲೋರೋಫಾರ್ಮಿನ ಸಣ್ಣ ಶೀಶೆ ಇಟ್ಟುಕೊಂಡ. ಫ್ರಿಜ್ಜಿನಿಂದ ವಿಷ ಇಳಿಸುವ ಚುಚ್ಚುಮದ್ದು ತೆಗೆದ. ನಾಲ್ಕು ಕುರಿಗೆ ಆಗುವಷ್ಟಿತ್ತು.

"ಸರ್," ಎಂದಳು ಶುಭಾಂಗಿ. "ನಾ ಏನರ ಮಾಡಬೇಕೇನ್ರಿ?"

"ಏನ ಮಾಡ್ತಿ?"

ಅವಳು ರಿಜಿಸ್ಟರಿನ ಕಡೆ ನೋಡಿದಳು. ಅವನು ಬೈಕಿನ ಕೀಲಿ ಹುಡುಕಿದ.

ಲೋಳಸೂರ ಸೇತುವೆ ದಾಟುತ್ತಲೇ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡವಾದವು. ಒಂದೊಂದರ ಹಿಂದೆ ಎರಡೆರಡು ಟ್ರಾಲಿ. ದಾಟಲು ನೋಡಿದರೆ ಎದುರಿನಿಂದ ಇನ್ನೊಂದು. ಸ್ಪೀಕರಿನಲ್ಲಿ ಯಾವುದೋ ಹಾಡು, ಅದರ ಬಡಿತ ಎದೆಗೇ ಬಡಿಯುತ್ತಿತ್ತು. ಅವನು ಕೈಗಡಿಯಾರ ನೋಡಿಕೊಂಡ. ಐದಾಗಲು ಹತ್ತು. ಅರಭಾವಿಯಲ್ಲಿ ಕಾಲೇಜು ಬಿಟ್ಟು ರಸ್ತೆ ತುಂಬ ಹುಡುಗರು ಬಸ್ಸಿಗೆ ನಿಂತಿದ್ದರು. ಯಾರೂ ಸರಿಯಲಿಲ್ಲ. ಅಲ್ಲಿ ನಿಂತಾಗ ಹೆಂಡತಿಯ ಫೋನು ಬಂತು.

"ಎಲ್ಲದೀರಿ?"

"ಕೆಲಸದ ಮ್ಯಾಲ ಹೊಂಟೇನಿ."

"ಬಸ್‌ಸ್ಟ್ಯಾಂಡಿನಾಗ ಭಾವ ಕಂಡ್ರು," ಎಂದಳು ವಿದ್ಯಾ. ಅವಳು ಗೋಕಾಕದಲ್ಲೇ ಸಾಲಿ ಮಾಸ್ತರಿಣಿ. "ಮುಂಜಾನಿಂದ ನಿಮ್ಮ ಆಫೀಸಿನಾಗ ಇದ್ರಂತ. ಮನೀಗೆ ಉಣ್ಣಾಕ ಬರ್ರಿ ಅಂದ್ನಿ. ಒಲ್ಲೆ, ತಮ್ಮನ ಜೋಡಿ ಉಂಡೇನಿ ಅಂದ್ರು."

ಸಿದ್ರಾಯ ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

"ಉಂಡ್ರೇನು?"

"ಹೂಂ."

"ಏನ ತರಿಸಿದ್ರಿ?"

"ಆಮ್ಯಾಲ ಮಾತಾಡ್ತೇನಿ. ಟ್ರಾಫಿಕ್ ಐತಿ."

ಅಣ್ಣ ಹಸಿದುಕೊಂಡೇ ಹೋಗಿದ್ದ. ಹೋಗುತ್ತ ತಮ್ಮನ ಮರ್ಯಾದೆಯನ್ನೂ ಕಾಪಾಡಿ ಹೋಗಿದ್ದ. ಸಿದ್ರಾಯನಿಗೆ ಅಳು ಬರುವ ಹಾಗಾಗಿ, ಬದಲಿಗೆ ಸಿಟ್ಟು ಬಂತು. ಯಾರು ಕೇಳಿದ್ದರು ಇವನನ್ನು? ಉಂಡಿಲ್ಲ, ಅವನು ಕರೆಯಲೂ ಇಲ್ಲ ಎಂದು ಹೇಳಿದ್ದರೆ ಒಂದು ರಾತ್ರಿ ಜಗಳವಾಡಿ ಮುಗಿಯುತ್ತಿತ್ತು. ಹಾರ್ನು ಒತ್ತಿ ಹಿಡಿದ. ಹುಡುಗರು ನಗುತ್ತ ದಾರಿ ಬಿಟ್ಟರು.

ಮುಂದೆ ರಸ್ತೆ ಖಾಲಿಯಾಗಿತ್ತು. ಖಾಲಿ ರಸ್ತೆಯಲ್ಲಿ, ಅವನು ಯಾವ ಸಭೆಯಲ್ಲೂ ಹೇಳದ, ವಿದ್ಯಾಳಿಗೂ ಹೇಳದ ಇನ್ನೊಂದು ಸಂಗತಿ ನೆನಪಾಯಿತು. ಅಂದು ಕುರಿಗಳು ತಾವಾಗಿ ಹೊಲಕ್ಕೆ ನುಗ್ಗಿರಲಿಲ್ಲ. ಬಿಸಿಲು ಹೆಚ್ಚಾಗಿ, ಹೊಲದ ನಡುವೆ ಇದ್ದ ಬೇವಿನ ಮರದ ನೆರಳಿಗೆ ಅವನೇ ಪುಸ್ತಕ ಹಿಡಿದು ಹೊರಟಿದ್ದ. ಅವು ಅವನ ಹಿಂದೆ ಬಂದಿದ್ದವು. ಮುಂದೆ ಒಬ್ಬ ನಡೆದರೆ ಹಿಂದೆ ಬರುವುದಷ್ಟೇ ಅವುಗಳಿಗೆ ಗೊತ್ತು. ಎಲೆ ಹರಿಯುವ ಸದ್ದು ಅವನ ಕಿವಿಗೆ ಬೀಳುತ್ತಲೇ ಇತ್ತು. ಪುಟ ಮುಗಿಯಲಿ ಎಂದುಕೊಂಡಿದ್ದ.

ಮಸಗುಪ್ಪಿಯ ಹೊಲ ತಲುಪಿದಾಗ ಆರು ಗಂಟೆ. ಹಿಂಡು ಒಡ್ಡಿನ ಆಚೆ, ಉತ್ತ ನೆಲದಲ್ಲಿ ಗುಂಪಾಗಿ ನಿಂತಿತ್ತು. ಒಂದೂ ಇಳಿದಿರಲಿಲ್ಲ. ಬೈಕಿಗೆ ಸ್ಟ್ಯಾಂಡು ಹಾಕಲು ಸಿದ್ರಾಯನಿಗೆ ಎರಡು ಸಲ ಬೇಕಾಯಿತು.

ಒಡ್ಡಿನ ಈಚೆ ಜೋಳದ ಹೊಲ. ಕೊಯ್ದ ಕೂಳೆಗಳ ಬುಡದಿಂದ ಮೊಣಕಾಲೆತ್ತರ ಚಿಗುರು, ಕಡು ಹಸಿರು. ಸುತ್ತ ಎಲ್ಲ ಒಣಗಿದ ಊರಿನಲ್ಲಿ ಕುರಿಗೆ ಸಿಗುವ ಹಸಿರು ಅದೊಂದೇ. ಹೊಲದ ನಡುವೆ ಒಂದು ಬೇವಿನ ಮರ. ಕುರಿಗಳೆಲ್ಲ ಅತ್ತಲೇ ಮುಖ ಮಾಡಿದ್ದವು.

"ಬರ್ರಿ ಡಾಕ್ಟರ್ರ," ಎಂದ ವರ್ಧಮಾನ. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ, ಬಿಳಿ ಧೋತರ. "ನಿಮ್ಮಣ್ಣಾ ನೀವು ಬರೂ ತನಕಾ ಬಿಡೂದಿಲ್ಲಂತ ಕುಂತಾನ. ನೀವು ಮುಂಜಾನೀನ ನೋಡೀರೆಲ್ಲ?"

"ನೋಡೇನ್ರಿ."

"ಒಂದ ಕುರಿ ಮುಂದ ಬಿಟ್ಟು, ಅದು ಸಾಯತೈತೇನು ಅಂತ ಕಣ್ಣ ಬಿಟಗೊಂಡ ಕುಂಡ್ರೂದು. ಏನ ರೀತಿ ಅದು? ಅದಕ್ಕ ಹೇಳಿದೆ, ಸೈನ್ಸ್ ಇಷ್ಟ ಮುಂದ ಬಂದೈತಿ, ಕೇಳ್ಕೊಂಡ ಬಾ ಅಂತ." ಮತ್ತೆ ಕೇಳಿದ: "ನಿಮ್ಮಲ್ಲೆ ಪ್ರಾಣಿಗೆ ಕೊಟ್ಟು ನೋಡೂದು ಇಲ್ಲಲ್ರಿ?"

"ಇಲ್ರಿ. ಕಾಗದದ ಮ್ಯಾಲ."

"ಛಲೋ ಆತು."

ಸಿದ್ರಾಯ ಹೊಲ ನೋಡಿ ಬರುತ್ತೇನೆಂದು ಒಂದು ಮೂಲೆಗೆ ಹೋಗಿ, ಬೆನ್ನು ತಿರುಗಿಸಿ ಕೂತ. ಮೂತ್ರಕ್ಕೆ ಕೂತನೆಂದು ಅವರು ತಿಳಿಯಲಿ. ನಾಲ್ಕೈದು ಎಲೆ ಕಿತ್ತ. ಕೈಯಿಂದಲೇ ಹರಿದು ಬಾಟಲಿಗೆ ತುಂಬಿದ. ಹಸಿ ಎಲೆ ಸದ್ದಿಲ್ಲದೆ ಹರಿಯಿತು. ಕ್ಲೋರೋಫಾರ್ಮ್ ಹನಿಸಿ, ಕಾಗದ ಇಳಿಬಿಟ್ಟು, ಬಿರಡೆ ಒತ್ತಿ ಅಂಗಿಯ ಜೇಬಿಗೆ ಸೇರಿಸಿದ. ಮೈಯ ಬಿಸಿಗೆ ಬೇಗ ಆದೀತು. ಆದರೂ ಅರ್ಧ ತಾಸು ಬೇಕು.

ಹಿಂತಿರುಗಿ ಬಂದಾಗ ವರ್ಧಮಾನ ಎದ್ದು ನಿಂತಿದ್ದ. ಹೊತ್ತು ಮುಳುಗುವುದರೊಳಗೆ ಅವನು ಉಣ್ಣಬೇಕು. ಮುಳುಗಿದ ಮೇಲೆ ಬಾಯಿಗೆ ತುತ್ತು ಇಡುವುದಿಲ್ಲ.

"ಮನ್ಯಾಗ ಕಾಯಾಕತ್ತಾರ, ಉಂಡ ಬರ್ತೇನಿ. ನೀವು ಇಳಿಸಿಬಿಡ್ರಿ. ಮೂಕ ಪ್ರಾಣಿ, ಎಷ್ಟೊತ್ತು ಹಸದ ನಿಂದರತಾವು."

ಬಿಳಿ ಧೋತರ ಒಡ್ಡಿನಗುಂಟ ಊರ ಕಡೆ ಹೋಯಿತು. ಹಗಲೆಲ್ಲ ಹಿಂಡು ಕಾದಿದ್ದ ಆಳು ಮೊದಲೇ ಊರಿಗೆ ಹೋಗಿದ್ದ. ಅಣ್ಣ ತಮ್ಮ ಇಬ್ಬರೇ ಉಳಿದರು. ಕುರಿಗಳು ಒಂದನ್ನೊಂದು ನೂಕುತ್ತ ಒಡ್ಡಿನ ಬುಡಕ್ಕೆ ಬರುತ್ತಿದ್ದವು. ಮಾಲಿಂಗಪ್ಪ ಕೋಲು ಅಡ್ಡ ಹಿಡಿದು, ನಾಲಿಗೆಯಲ್ಲಿ ಸದ್ದು ಮಾಡಿ ತಡೆಯುತ್ತಿದ್ದ.

"ಇಳಸ್ಲೆ?"

"ತಡಿ, ಸ್ವಲ್ಪ."

"ಯಾಕ?"

"ಸ್ವಲ್ಪ ತಡಿ ಅಂದ್ನೆಲ್ಲ."

ಹನ್ನೆರಡು ನಿಮಿಷವಾಗಿತ್ತು. ಸಿದ್ರಾಯ ಬಾಟಲಿ ಹೊರಗೆ ತೆಗೆದ. ಸೂರ್ಯ ಕಬ್ಬಿನ ತುದಿಗೆ ಇಳಿದಿದ್ದ. ಆ ಬೆಳಕಿನಲ್ಲಿ ಅವನ ಅಂಗೈ ಕೆಂಪು, ಬಿಳಿ ಕುರಿಮರಿಗಳ ಬೆನ್ನು ಕೆಂಪು, ಕಾಗದವೂ ಕೆಂಪು. ಬೆನ್ನು ತಿರುಗಿಸಿ ತನ್ನ ನೆರಳಿನಲ್ಲಿ ಹಿಡಿದ. ಕಪ್ಪಗೆ ಕಂಡಿತು. ಮೊಬೈಲಿನ ಬೆಳಕು ಹಾಕಿ ನೋಡಿದ. ನಡುವೆ ಹಳದಿ. ಕೆಳಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಒಂದು ಕಂದು ಗೆರೆ. ವಿಷ ಏರುತ್ತಿದೆಯೋ, ಎಲೆ ತಾಗಿ ಆದ ಕಲೆಯೋ. ಪ್ರಯೋಗಾಲಯದಲ್ಲಾದರೆ ಇನ್ನಷ್ಟು ಅಧ್ಯಯನ ಅಗತ್ಯ ಎಂದು ಬರೆದು ಮನೆಗೆ ಹೋಗಬಹುದಿತ್ತು.

ಮಾಲಿಂಗಪ್ಪ ಬಾಟಲಿಯನ್ನು ನೋಡುತ್ತಿದ್ದ.

"ಅದೇನು?"

"ಮತ್ತೊಮ್ಮಿ ನೋಡಾಕತ್ತೇನಿ."

"ಮಧ್ಯಾಹ್ನ ಹಳದಿ ಐತಿ ಅಂದಿ."

"ಹೂಂ. ಎಲಿ ಸ್ವಲ್ಪ ಬಾಡಿತ್ತು."

ಮಾಲಿಂಗಪ್ಪನ ಕೋಲು ನಿಂತಿತು. ಅವನು ಯೋಚಿಸುತ್ತಿರುವುದು ಸಿದ್ರಾಯನಿಗೆ ಕಾಣಿಸಿತು. ಹಿಂದೆ ಹಲಗೆಯ ಮೇಲಿನ ಲೆಕ್ಕವನ್ನು ಮನಸ್ಸಿನಲ್ಲೇ ಬಿಡಿಸುವಾಗ ಹೀಗೇ ಕಣ್ಣು ಸಣ್ಣದು ಮಾಡುತ್ತಿದ್ದ.

"ನಾ ಹಸಿ ಅರಿವ್ಯಾಗ ತಂದಿದ್ನೆಲ್ಲ."

"ಹೌದು."

"ಮತ್ತ?"

ಇದೇ ಆ ಪ್ರಶ್ನೆ. ಇದಕ್ಕಾಗಿಯೇ ಅವನು ನಾಲ್ಕು ಗಂಟೆಯಿಂದ ಓಡುತ್ತಿದ್ದ. ಕಿಟಕಿಯ ಮೇಲೆ ಬಿಚ್ಚಿಟ್ಟೆ. ನಿನ್ನನ್ನು ನೋಡಿ ನಾಚಿಕೆಯಾಯಿತು. ನೀನು ಯಾರೆಂದು ಕೇಳಿದವರಿಗೆ ರೈತ ಎಂದೆ. ಮೂರೇ ವಾಕ್ಯ. ಬಾಯಿ ತೆರೆದ.

"ಇನ್ನ ಇಪ್ಪತ್ತ ನಿಮಿಷ ತಡದ್ರ ಗೊತ್ತಾಕ್ಕೈತಿ," ಎಂದ.

ಅಣ್ಣ ಏನೂ ಅನ್ನಲಿಲ್ಲ.

ಸಿದ್ರಾಯ ಕಾದ. ಬಯ್ಗುಳಕ್ಕೆ ಕಾದ. ಬಂದಿದ್ದರೆ ಅವನು ಅಲ್ಲೇ ಎಲ್ಲ ಹೇಳಿಬಿಡುತ್ತಿದ್ದ, ಕಾಲು ಹಿಡಿಯುತ್ತಿದ್ದ ಕೂಡ. ಮಾಲಿಂಗಪ್ಪ ಊರ ಕಡೆಗೊಮ್ಮೆ ನೋಡಿದ. ಬಿಳಿ ಧೋತರ ಕಾಣುತ್ತಿರಲಿಲ್ಲ.

"ಸಾವಕಾರ್ರು ಉಣ್ಣಾಕ ಹೋಗ್ಯಾರ," ಎಂದ.

ಹಿಂಡಿನೊಳಗೆ ಕೈ ಹಾಕಿ ಒಂದು ಮುದಿ ಕುರಿಯನ್ನು ಕಿವಿ ಹಿಡಿದು ಎಳೆದ. ಕೊರಳಲ್ಲಿ ಗಂಟೆ, ಒಂದು ಕಣ್ಣು ಹೂ ಬಿದ್ದು ಬೆಳ್ಳಗಾಗಿತ್ತು. ಸಾಯಲು ಇನ್ನೇನೂ ಬಾಕಿಯಿಲ್ಲದ ಕುರಿ. ಅದನ್ನು ಒಡ್ಡಿನ ಮೇಲೆ ಹತ್ತಿಸಿ ಹೊಲದ ಕಡೆ ನೂಕಿದ. ಅದು ಮುಂಗಾಲು ಊರಿ ನಿಂತುಬಿಟ್ಟಿತು. ತಿರುಗಿ ಹಿಂಡನ್ನು ನೋಡಿ ಅರಚಿತು. ಮತ್ತೆ ನೂಕಿದ. ಮತ್ತೆ ನಿಂತಿತು.

"ಒಂದ ಹೋಗೂದಿಲ್ಲ ಇದು," ಎಂದ. "ನೀ ಮುಂದ ನಡಿ."

"ನಾನ?"

"ಯಾರರ ಮುಂದ ಇದ್ರ ಬರ್ತೈತಿ. ನಾ ಇವನ್ನ ಹಿಡೀಬೇಕಲ್ಲ."

ಅಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. ಕೆಲಸ ಹಂಚುವ ದನಿ ಅಷ್ಟೇ. ಸಿದ್ರಾಯ ಬಾಟಲಿಯನ್ನು ಜೇಬಿಗೆ ಹಾಕಿದ. ಚುಚ್ಚುಮದ್ದಿನ ಚೀಲ ಬೈಕಿಗೇ ನೇತುಬಿದ್ದಿತ್ತು. ತರಬೇಕು ಎಂದುಕೊಂಡ. ಅಷ್ಟರಲ್ಲಿ ಒಡ್ಡು ಇಳಿದಿದ್ದ.

ಕೂಳೆ ಬೂಟಿನ ಅಡಿಗೆ ಒತ್ತಿತು. ಚಿಗುರು ಪ್ಯಾಂಟಿಗೆ ತಾಗಿ ಸರಸರ ಎಂದಿತು. ಹತ್ತು ಹೆಜ್ಜೆ ನಡೆದು, ಹಿಂದೆ ಏನೂ ಬರುತ್ತಿಲ್ಲವೆನಿಸಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಕುರಿ ಕರೆಯುವ ಸದ್ದು ಮಾಡಿದ. ಇಪ್ಪತ್ತಾರು ವರ್ಷದ ಮೇಲೂ ಅದು ತಪ್ಪಿಲ್ಲದೆ ಬಂತು. ಹಿಂದೆ ಗಂಟೆ ಅಲುಗಿತು.

ಬೀಳಬಾರದು ಎಂದು ಬೇಡಿಕೊಂಡ. ಯಾವ ದೇವರಿಗೆಂದು ತಿಳಿಯಲಿಲ್ಲ. ಈ ಮುದಿ ಕುರಿ ನಿಂತಿದ್ದರೆ ಕಿಟಕಿಯ ಮೇಲೆ ಎಲೆ ಒಣಗಲೇ ಇಲ್ಲ, ರಿಜಿಸ್ಟರಿನ ಎರಡೂಕಾಲು ಸರಿಯಾದ ಎರಡೂಕಾಲೇ, ಅಣ್ಣ ಅವನ ಜೊತೆ ಉಂಡೇ ಹೋದ. ತಾನು ಬೇಡುತ್ತಿರುವುದು ಕುರಿಗಾಗಿ ಅಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಬೇಡುವುದನ್ನು ನಿಲ್ಲಿಸಲಿಲ್ಲ.

ಹಿಂದೆ ಎಲೆ ಹರಿಯುವ ಸದ್ದು ಕೇಳಿಸಿತು. ಒಂದು ಬಾಯಿಯದು. ಹರಿದು, ಜಗಿದು, ಮತ್ತೆ ಹರಿಯಿತು. ಅವನು ನಿಲ್ಲಬೇಕಿತ್ತು. ನಿಂತರೆ ತಿರುಗಬೇಕಾಗುತ್ತದೆ. ನಡೆದ.

ಮತ್ತೆ ಹರಿಯುವ ಸದ್ದು. ಈಗ ಎಡಗಡೆಯಿಂದಲೂ ಬಂತು. ಬಲಗಡೆಯಿಂದಲೂ. ಒಡ್ಡಿನ ಮಣ್ಣು ಜರಿಯುವುದು ಕೇಳಿಸಿತು, ಆಮೇಲೆ ಒಣ ನೆಲದ ಮೇಲೆ ಗೊರಸುಗಳು, ಒಂದೆರಡಲ್ಲ. ಕೋಲು ನೆಲಕ್ಕೆ ಬಡಿದ ಸದ್ದಿಗೆ ಕಿವಿಗೊಟ್ಟ, ಬರಲಿಲ್ಲ. ಅಣ್ಣ ಕೂಗಿಯಾನು ಎಂದು ಕಾದ. ಅಣ್ಣ ಕೂಗಲಿಲ್ಲ.

ಜೇಬಿನಲ್ಲಿ ಬಾಟಲಿ ಎದೆಗೆ ತಾಗಿ ಬಿಸಿಯಾಗಿತ್ತು. ತೆಗೆದು ನೋಡಲು ಬೆಳಕು ಉಳಿದಿರಲಿಲ್ಲ. ಬೆನ್ನ ಹಿಂದೆ ನೂರಾರು ಹಲ್ಲುಗಳು ಹಸಿ ಎಲೆಯನ್ನು ಹರಿಯುತ್ತ ಹತ್ತಿರ ಹತ್ತಿರ ಬರುತ್ತಿದ್ದವು. ಸಿದ್ರಾಯ ಹಿಂದಿರುಗಿ ನೋಡದೆ, ಹೊಲದ ನಡುವಿನ ಬೇವಿನ ಮರದ ಕಡೆಗೆ ನಡೆಯುತ್ತಲೇ ಇದ್ದ.